ಎಲೆಗೆ ಅಂಟಲು ಹೊರಟಿರುವ ಸೀಸ

ಬೆಲ್ಲವೆಂದರೆ ಗಟ್ಟಿಗೊಂಡ ಬಿಸಿಲು. ಹುಕ್ಕೇರಿ ತಾಲ್ಲೂಕಿನ ಬೆಲ್ಲದ ಬಾಗೇವಾಡಿ ಈ ಬೆಲ್ಲವನ್ನು ತನ್ನ ಹೆಸರಿನಲ್ಲಿಯೇ ಹೊತ್ತುಕೊಂಡಿದೆ. ಆ ಸೀಮೆಯ ಹೊಲಗಳಲ್ಲಿ ಕಬ್ಬಿನ ಗರಿಯ ಮೇಲೆ ಬಿದ್ದ ಬೆಳಕು ಸಕ್ಕರೆಯಾಗಿ ಜಲ್ಲೆಯೊಳಗೆ ಇಳಿಯುತ್ತದೆ. ಗಾಣದಲ್ಲಿ ರಸವಾಗಿ, ಕೊಪ್ಪರಿಗೆಯಲ್ಲಿ ಕುದಿದು ಬೆಲ್ಲವಾಗುತ್ತದೆ, ಇಲ್ಲವೇ ಕಾರ್ಖಾನೆಯ ದಾರಿ ಹಿಡಿದು ಸಕ್ಕರೆಯ ಹರಳಾಗುತ್ತದೆ. ನೀರಿನ ಲೆಕ್ಕ, ಗೊಬ್ಬರದ ಲೆಕ್ಕ, ಆಳಿನ ಲೆಕ್ಕ ರೈತನ ಬಳಿ ಇದೆ. ಬೆಳಕಿನ ಲೆಕ್ಕವನ್ನು ಮಾತ್ರ ಯಾರೂ ಆತನ ಕೈಗೆ ಕೊಟ್ಟಿಲ್ಲ. ಆದುದರಿಂದ ಬೆಳಕನ್ನು ಅಳೆಯುವ ಹೊಸ ಸಾಧನವೊಂದು ಪ್ರಯೋಗಾಲಯಗಳಲ್ಲಿ ರೂಪುಗೊಳ್ಳುತ್ತಿದೆ, ಅದು ಕಾಗದದಂತೆ ಬಾಗುತ್ತದೆ, ಎಲೆಗೂ ಅಂಟಿಕೊಳ್ಳಬಲ್ಲದು, ಮುಂದೆ ಬಲು ಅಗ್ಗವೂ ಆಗಲಿದೆ ಎಂಬ ಸುದ್ದಿ ಬಂದಾಗ ರೈತನ ಕಿವಿ ನಿಮಿರುವುದು ಸಹಜ.

ಆದರೆ ಆ ಸಾಧನದ ಹೊಟ್ಟೆಯಲ್ಲಿ ಏನಿದೆ ಎಂಬುದನ್ನು ಅಷ್ಟೇ ಉತ್ಸಾಹದಿಂದ ಹೇಳುವವರು ವಿರಳ. ಇಂದು ಅತ್ಯಂತ ಹೆಚ್ಚು ಹೊಗಳಿಕೆಗೆ ಪಾತ್ರವಾಗಿರುವ ಮಾದರಿಗಳ ಹೊಟ್ಟೆಯಲ್ಲಿರುವುದು ಸೀಸ. ಪೆಟ್ರೋಲಿನಿಂದ ಹೊರದಬ್ಬಲು, ಬಣ್ಣದ ಡಬ್ಬಿಯಿಂದ ಹೊರದಬ್ಬಲು ದಶಕಗಳ ಹೋರಾಟ ಬೇಕಾದ ಅದೇ ಸೀಸ ಈಗ ವಿಜ್ಞಾನದ ಹೊಸ ಉಡುಪು ತೊಟ್ಟು ಹೊಲದ ಬದುವಿನ ಬಳಿ ನಿಂತಿದೆ. ಒಳಗೆ ಬಂದಿಲ್ಲ ನಿಜ. ಬರುವ ಮೊದಲು ತಡೆದು ಪ್ರಶ್ನಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಗಳಿಗೆ ಮತ್ತೆ ದೊರೆಯದು.

ಮಂಡಿಗೆಯಂಥ ಪದರುಗಳು

ವಿರೋಧಿಸುವ ವಸ್ತುವನ್ನು ಮೊದಲು ಅರಿಯಬೇಕು. 1839ರಲ್ಲಿ ರಷ್ಯಾದ ಉರಲ್ ಪರ್ವತಗಳಲ್ಲಿ ದೊರೆತ ಖನಿಜವೊಂದಕ್ಕೆ ಗುಸ್ತಾವ್ ರೋಸ್ ಎಂಬ ಖನಿಜಶಾಸ್ತ್ರಜ್ಞ ಪೆರೋವ್‌ಸ್ಕೈಟ್ ಎಂದು ಹೆಸರಿಟ್ಟ. ಅದರಲ್ಲಿ ಸೀಸವಿರಲಿಲ್ಲ, ಕ್ಯಾಲ್ಸಿಯಂ, ಟೈಟಾನಿಯಂ ಮತ್ತು ಆಮ್ಲಜನಕಗಳಿದ್ದವು. ಅದೇ ಹರಳಿನ ಕಟ್ಟಡವನ್ನು ಅನುಕರಿಸಿ, ಲೋಹದ ಜಾಗದಲ್ಲಿ ಸೀಸವನ್ನೂ, ಆಮ್ಲಜನಕದ ಜಾಗದಲ್ಲಿ ಅಯೋಡಿನ್ ಅಥವಾ ಬ್ರೋಮಿನ್ ಅನ್ನೂ, ನಡುವೆ ಇಂಗಾಲದ ಸಾವಯವ ಅಣುವನ್ನೂ ಕೂರಿಸಿದರೆ ಸಂಕರ ವಸ್ತುವೊಂದು ಹುಟ್ಟುತ್ತದೆ. 2009ರಲ್ಲಿ ಜಪಾನಿನ ತ್ಸುತೊಮು ಮಿಯಾಸಾಕ ಅವರ ತಂಡ ಇಂಥ ವಸ್ತುವಿನಿಂದ ಸೌರಕೋಶ ಮಾಡಿ ತೋರಿಸಿದ ನಂತರ ಜಗತ್ತಿನ ಪ್ರಯೋಗಾಲಯಗಳು ಅದರ ಬೆನ್ನು ಹತ್ತಿದವು.

ಈ ವಂಶದಲ್ಲಿಯೇ ಪದರು ಪದರಾದ ಒಂದು ಕವಲಿದೆ. ಬೆಳಗಾವಿ ಸೀಮೆಯವರಿಗೆ ಅದನ್ನು ವಿವರಿಸುವುದು ಕಷ್ಟವಲ್ಲ: ಅದು ಮಂಡಿಗೆ ಇದ್ದಂತೆ. ಕಾಗದದಷ್ಟು ತೆಳುವಾದ ಹಾಳೆ, ಅದರ ಮೇಲೆ ಹೂರಣದ ಲೇಪ, ಮತ್ತೆ ಹಾಳೆ. ಇಲ್ಲಿ ಹಾಳೆಯೆಂದರೆ ಸೀಸ ಮತ್ತು ಅಯೋಡಿನ್ ಹೆಣೆದುಕೊಂಡ ಪದರು. ಲೇಪವೆಂದರೆ ನೀರನ್ನು ದೂರವಿಡುವ ಸಾವಯವ ಅಣುಗಳ ಸಾಲು. ಬೆಳಕು ಬಿದ್ದೊಡನೆ ಪದರಿನೊಳಗಿನ ಎಲೆಕ್ಟ್ರಾನುಗಳು ಬಿಡುಗಡೆಗೊಂಡು ವಿದ್ಯುದ್ವಾರದ ಕಡೆಗೆ ಹರಿಯುತ್ತವೆ. ಹೆಚ್ಚು ಬೆಳಕಿಗೆ ಹೆಚ್ಚು ಹರಿವು, ಕಡಿಮೆ ಬೆಳಕಿಗೆ ಕಡಿಮೆ ಹರಿವು. ಲೇಪಗಳ ನಡುವೆ ಎಷ್ಟು ಹಾಳೆಗಳನ್ನು ಜೋಡಿಸಿದೆ ಎಂಬುದರ ಮೇಲೆ ಅದು ಯಾವ ಬಣ್ಣದ ಬೆಳಕನ್ನು ಹಿಡಿಯುತ್ತದೆ ಎಂಬುದೂ ನಿರ್ಧಾರವಾಗುತ್ತದೆ.

ಇದರ ಗುಣಗಳನ್ನು ಅಲ್ಲಗಳೆಯುವಂತಿಲ್ಲ. ಸಿಲಿಕಾನ್ ಕರಗಲು 1400 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಶಾಖ ಬೇಕು; ಈ ಸಂಕರ ವಸ್ತುವನ್ನು ದ್ರಾವಕದಲ್ಲಿ ಕರಗಿಸಿ ಶಾಯಿಯಂತೆ ಪ್ಲಾಸ್ಟಿಕ್ ಹಾಳೆಯ ಮೇಲೆ ಬಳಿದು ಸ್ವಲ್ಪ ಬಿಸಿ ಮಾಡಿದರೆ ಸಾಕು. ಕೂದಲೆಳೆಯ ನೂರರಲ್ಲೊಂದು ಪಾಲಿನಷ್ಟು ತೆಳುವಾದ ಲೇಪವೂ ಬೆಳಕನ್ನು ಚೆನ್ನಾಗಿ ಹೀರುತ್ತದೆ. ಅದು ಬಾಗುತ್ತದೆ, ಆದುದರಿಂದ ಮೈಕೈಗೂ ಬಟ್ಟೆಗೂ ಎಲೆಗೂ ಹೊಂದಿಕೊಳ್ಳುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, ನ್ಯಾನೋ ಮತ್ತು ಮೃದು ವಸ್ತು ವಿಜ್ಞಾನಗಳ ಕೇಂದ್ರ ಮೊದಲಾದೆಡೆ ಅತಿ ತೆಳು ವಸ್ತುಗಳ ಕುರಿತು ಗಂಭೀರ ಸಂಶೋಧನೆ ನಡೆದಿದೆ. ಆ ಶ್ರಮದ ಬಗ್ಗೆ ಗೌರವವಿರಬೇಕು. ತಗಾದೆಯಿರುವುದು ಸಂಶೋಧನೆಯ ಮೇಲಲ್ಲ. ಪ್ರಯೋಗಾಲಯದ ಬಾಗಿಲಿನಿಂದ ಹೊಲದ ಬದುವಿನವರೆಗಿನ ದಾರಿಯಲ್ಲಿ ಯಾರೂ ಕೇಳದೆ ಬಿಟ್ಟಿರುವ ಪ್ರಶ್ನೆಗಳ ಮೇಲೆ.

'ಅತ್ಯಲ್ಪ' ಎಂಬ ಮಾತಿನ ಮರೆಯಲ್ಲಿ

ಬ್ಯೂಟೈಲ್ ಅಮೋನಿಯಂ ಎಂಬ ಸಾವಯವ ಅಣುವನ್ನು ಲೇಪವಾಗಿ ಉಳ್ಳ ಪದರು ವಸ್ತುವಿನ ತೂಕದಲ್ಲಿ ಶೇ. 24ರಷ್ಟು ಸೀಸವೇ ಇರುತ್ತದೆ. ಫೀನೈಲ್ ಈಥೈಲ್ ಅಮೋನಿಯಂ ಉಳ್ಳದ್ದರಲ್ಲಿ ಶೇ. 22ರ ಹತ್ತಿರ. ಪದರಿಲ್ಲದ ಮೂಲ ಮಾದರಿಯಲ್ಲಿ ಮೂರನೆಯ ಒಂದು ಪಾಲು. ಇವು ಯಾರೋ ಅಳೆದು ವಾದಿಸಬೇಕಾದ ಅಂಕಿಗಳಲ್ಲ. ಪರಮಾಣುಗಳ ತೂಕ ಕೂಡಿಸಲು ಬರುವ ಪಿ.ಯು.ಸಿ. ವಿದ್ಯಾರ್ಥಿಯೂ ಹಾಳೆಯ ಮೇಲೆ ಲೆಕ್ಕ ಹಾಕಬಹುದಾದ ಅಂಕಿಗಳು.

ಇದನ್ನು ಹೇಳಿದೊಡನೆ ಸಿದ್ಧ ಉತ್ತರವೊಂದು ಬರುತ್ತದೆ: ಲೇಪ ಅತಿ ತೆಳು, ಸೀಸ ಅತ್ಯಲ್ಪ. ಈ ಉತ್ತರವನ್ನು ಪ್ರಾಮಾಣಿಕವಾಗಿ ತೂಗಿ ನೋಡಬೇಕು. ಒಂದು ಚದರ ಸೆಂಟಿಮೀಟರ್ ಅಗಲದ, ಅರ್ಧ ಮೈಕ್ರಾನ್ ದಪ್ಪದ ಪದರು ಲೇಪದಲ್ಲಿರುವ ಸೀಸ ಸುಮಾರು 30 ಮೈಕ್ರೋಗ್ರಾಂ. ಎಕರೆಗೆ ಸಾವಿರ ಚೀಟಿ ಅಂಟಿಸಿದರೂ 30 ಮಿಲಿಗ್ರಾಂ. ಅದೇ ಎಕರೆಯ ಮೇಲ್ಮಣ್ಣಿನಲ್ಲಿ ನಿಸರ್ಗವೇ ಇಟ್ಟಿರುವ ಸೀಸ ಕಿಲೋಗ್ರಾಂಗಳ ಲೆಕ್ಕದಲ್ಲಿದೆ. ಸರಾಸರಿಯ ಕಣ್ಣಿನಿಂದ ನೋಡಿದರೆ ಒಂದು ಹಂಗಾಮಿನಲ್ಲಿ ಒಂದು ಹೊಲಕ್ಕೆ ಏನೂ ಆಗದು. ಇದನ್ನು ಮುಚ್ಚಿಟ್ಟು ಹೆದರಿಸುವ ಚಳವಳಿ ಚಳವಳಿಯಲ್ಲ.

ಆದರೆ ಸರಾಸರಿಯ ಕಣ್ಣಿಗೆ ಕಾಣದ ಮೂರು ಸಂಗತಿಗಳಿವೆ.

ಮೊದಲನೆಯದು ಸೀಸದ ರೂಪ. ಮಣ್ಣಿನ ನೈಸರ್ಗಿಕ ಸೀಸದ ಹೆಚ್ಚಿನ ಪಾಲು ಖನಿಜಗಳಲ್ಲಿ ಬಂಧಿಯಾಗಿರುತ್ತದೆ. ಬೇರು ಅದನ್ನು ಸುಲಭವಾಗಿ ಹೀರಲಾರದು. ಈ ಲೇಪ ನೀರು ತಾಗಿ ಕೆಟ್ಟಾಗ ಉಳಿಯುವುದು ಹಳದಿ ಬಣ್ಣದ ಸೀಸದ ಅಯೋಡೈಡ್. ಒಂದು ಲೀಟರ್ ನೀರಿನಲ್ಲಿ ಅದು ಅರ್ಧ ಗ್ರಾಂಗಿಂತ ಹೆಚ್ಚು ಕರಗಬಲ್ಲದು. ಕುಡಿಯುವ ನೀರಿನಲ್ಲಿ ಸೀಸಕ್ಕೆ ಭಾರತೀಯ ಮಾನಕ ಇಟ್ಟಿರುವ ಮಿತಿಯಾದರೋ ಲೀಟರಿಗೆ 0.01 ಮಿಲಿಗ್ರಾಂ, ಅಂದರೆ 10 ಮೈಕ್ರೋಗ್ರಾಂ. ಬೆರಳ ತುದಿಯಷ್ಟು ಚೀಟಿಯೊಂದರ 30 ಮೈಕ್ರೋಗ್ರಾಂ ಶುದ್ಧವಾದ ಮೂರು ಲೀಟರ್ ನೀರನ್ನು ಆ ಮಿತಿಯ ಅಂಚಿಗೆ ತಂದು ನಿಲ್ಲಿಸಲು ಸಾಕು. 2020ರಲ್ಲಿ 'ನೇಚರ್ ಕಮ್ಯುನಿಕೇಷನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸಂಶೋಧಕರು ಪುದೀನ ಗಿಡಗಳನ್ನು ಬೆಳೆಸಿ ನೋಡಿದರು. ಮಣ್ಣಿನಲ್ಲಿ ಮೊದಲೇ ಇರುವ ಇತರ ಸೀಸಕ್ಕಿಂತ ಈ ಸಂಕರ ವಸ್ತುವಿನಿಂದ ಬಂದ ಸೀಸ ಹತ್ತು ಪಟ್ಟು ಸರಾಗವಾಗಿ ಗಿಡದೊಳಗೆ ಸೇರಿತ್ತು. ಬೇರೆ ಸೀಸಕ್ಕೆಂದು ಹಾಕಿದ ಸುರಕ್ಷತೆಯ ಗೆರೆಯನ್ನು ಈ ಸೀಸಕ್ಕೂ ಅನ್ವಯಿಸಲಾಗದು ಎಂಬುದೇ ಆ ಅಧ್ಯಯನದ ಸಾರ.

ಎರಡನೆಯದು ಸೀಸದ ಆಯುಸ್ಸು. ಕೀಟನಾಶಕ ಎಷ್ಟೇ ಕ್ರೂರವಾದರೂ ಕಾಲಾಂತರದಲ್ಲಿ ಒಡೆಯುತ್ತದೆ. ಸೀಸ ಮೂಲಧಾತು; ಅದು ಒಡೆಯುವುದಿಲ್ಲ, ಕೊಳೆಯುವುದಿಲ್ಲ, ಆರುವುದಿಲ್ಲ. ಕುಳೆ ಕಬ್ಬು ಬೆಳೆಯುವ ಹೊಲದಲ್ಲಿ ಈ ವರ್ಷ ಬಿದ್ದದ್ದರ ಮೇಲೆ ಮುಂದಿನ ವರ್ಷದ್ದು ಬೀಳುತ್ತದೆ. ಶರೀರದಲ್ಲಿ ಅದು ಕ್ಯಾಲ್ಸಿಯಂನ ವೇಷ ಧರಿಸಿ ಎಲುಬಿನಲ್ಲಿ ವರ್ಷಗಟ್ಟಲೆ ಅಡಗುತ್ತದೆ. ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಇಷ್ಟು ಸೀಸ ನಿರಪಾಯಕಾರಿ ಎಂದು ಹೇಳಬಹುದಾದ ಮಟ್ಟವೇ ತಿಳಿದುಬಂದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಚೀಟಿಯ ಅಂತ್ಯ. ಎಲೆಗೆ ಅಂಟಿದ ಸಾಧನ ಎಲೆಯೊಡನೆಯೇ ಸಾಯುತ್ತದೆ. ಕಬ್ಬಿನ ಕೆಳಗರಿ ಒಣಗಿ ಕಳಚುತ್ತದೆ. ಕಟಾವಿನ ದಿನ ತುದಿಯ ಹಸಿ ಸೋಗೆ ಎತ್ತು ಎಮ್ಮೆಗಳ ಮುಂದೆ ಬೀಳುತ್ತದೆ; ಒಣ ರವದಿಯನ್ನು ಹೊಲದಲ್ಲಿಯೇ ಸುಡುತ್ತಾರೆ, ಇಲ್ಲವೇ ಮಣ್ಣಿಗೆ ಹೊದಿಸುತ್ತಾರೆ. ಸಾವಿರ ಜಲ್ಲೆಗಳ ರವದಿಯಲ್ಲಿ ಬೆರಳ ತುದಿಯಷ್ಟು ಪ್ಲಾಸ್ಟಿಕ್ ಚೂರನ್ನು ಹುಡುಕಿ ಹೆಕ್ಕುವ ಕಟಾವಿನ ಗ್ಯಾಂಗು ಯಾವ ಊರಿನಲ್ಲಿದೆ? ಇಂಥ ಸಾಧನಗಳ ಕುರಿತ ಲೇಖನಗಳಲ್ಲಿ ಅದನ್ನು ಎಷ್ಟು ಸಾವಿರ ಬಾರಿ ಬಾಗಿಸಿದರೂ ಕೆಡಲಿಲ್ಲ ಎಂಬುದಕ್ಕೆ ನಕ್ಷೆಗಳಿರುತ್ತವೆ. ಒಂದು ಮಳೆಗಾಲ ಮಣ್ಣಿನಲ್ಲಿ ಹೂತಿಟ್ಟರೆ ಏನಾಯಿತು ಎಂಬುದಕ್ಕೆ ನಕ್ಷೆ ಕಾಣುವುದು ಅಪರೂಪ.

ಸಕ್ಕರೆಯ ಪ್ರಯೋಗಾಲಯ ಕಲಿಸಿದ ಪಾಠ

ಬೆಳಕು, ಸಕ್ಕರೆ ಮತ್ತು ಸೀಸ ಈ ಮೂರೂ ಒಂದೆಡೆ ಸೇರುವುದು ಇದೇ ಮೊದಲಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಕಬ್ಬು ಬೆಳೆಗಾರರ ಬದುಕನ್ನು ಬಹುಕಾಲದಿಂದ ಅಳೆಯುತ್ತಿರುವ ಸಾಧನವೊಂದಿದೆ. ಅದನ್ನು ಕಣ್ಣಾರೆ ಕಂಡ ಬೆಳೆಗಾರರು ಕಡಿಮೆ. ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿರುವ ಪೋಲಾರಿಮೀಟರ್ ಅದು. ಒಂದೇ ತಲದಲ್ಲಿ ಕಂಪಿಸುವಂತೆ ಶೋಧಿಸಿದ ಬೆಳಕನ್ನು ರಸದ ಮೂಲಕ ಹಾಯಿಸಿದರೆ ರಸದೊಳಗಿನ ಸಕ್ಕರೆ ಆ ತಲವನ್ನು ಬಲಕ್ಕೆ ತಿರುಗಿಸುತ್ತದೆ. ಎಷ್ಟು ತಿರುಗಿತು ಎಂಬುದೇ ಸಕ್ಕರೆಯ ಅಂಶ ಎಷ್ಟಿದೆ ಎಂಬುದರ ಅಳತೆ.

ಈ ಅಳತೆಗೆ ಒಂದು ತೊಡಕಿತ್ತು. ಕಬ್ಬಿನ ರಸ ಬಗ್ಗಡ. ಅದರ ಮೂಲಕ ಕಣ್ಣಿಗೆ ಕಾಣುವ ಹಳದಿ ಬೆಳಕು ಸರಿಯಾಗಿ ಹಾಯದು. ಅದನ್ನು ತಿಳಿಯಾಗಿಸಲು ರಸಾಯನಶಾಸ್ತ್ರಜ್ಞರು ಆರಿಸಿಕೊಂಡದ್ದು ಸೀಸದ ಲವಣವನ್ನು, ಅಂದರೆ ಲೆಡ್ ಸಬ್‌ಅಸಿಟೇಟನ್ನು. ಚಿಟಿಕೆ ಹಾಕಿದರೆ ಬಣ್ಣ ಮತ್ತು ಕಶ್ಮಲಗಳು ಗಂಟುಕಟ್ಟಿ ತಳ ಸೇರುತ್ತವೆ, ಸೋಸಿದರೆ ತಿಳಿರಸ. ದಶಕಗಳ ಕಾಲ ಜಗತ್ತಿನ ಸಕ್ಕರೆ ಪ್ರಯೋಗಾಲಯಗಳಲ್ಲಿ ಇದೇ ರೂಢಿ. ಅಲ್ಲಿಯೂ ಕೇಳಿಬರುತ್ತಿದ್ದ ಮಾತು ಅದೇ: ಚಿಟಿಕೆಯಷ್ಟೇ, ಅತ್ಯಲ್ಪ. ಆ ಚಿಟಿಕೆಗಳು ಪ್ರತಿ ಮಾದರಿಗೆ, ಪ್ರತಿ ಪಾಳಿಗೆ, ಪ್ರತಿ ಹಂಗಾಮಿಗೆ ಸೇರುತ್ತ ಹೋದಾಗ ಸೋಸುಕಾಗದ ಮತ್ತು ತೊಳೆದ ನೀರು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಎದ್ದಿತು.

ಆಗ ವಿಜ್ಞಾನ ಮಾಡಿದ ಕೆಲಸ ಇಲ್ಲಿ ಬಹುಮುಖ್ಯ. ಅದು ಅಳತೆಯನ್ನು ಕೈಬಿಡಲಿಲ್ಲ, ಸೀಸವನ್ನು ಕೈಬಿಟ್ಟಿತು. ಅಲ್ಯೂಮಿನಿಯಂ ಆಧಾರಿತ ಬದಲಿ ಪುಡಿಗಳು ಬಂದವು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕೆಲವರು ಬೆಳಕನ್ನೇ ಬದಲಿಸಿದರು. ಕಣ್ಣಿಗೆ ಕಾಣುವ 589 ನ್ಯಾನೋಮೀಟರ್ ಹಳದಿ ಬೆಳಕಿನ ಬದಲು 880 ನ್ಯಾನೋಮೀಟರ್ ಸುಮಾರಿನ ಅವಗೆಂಪು ಬೆಳಕನ್ನು ಹಾಯಿಸಿದರೆ ರಸದ ಕಂದು ಬಣ್ಣ ಅದಕ್ಕೆ ಅಡ್ಡಿಯೇ ಅಲ್ಲ. ಬಣ್ಣ ತೆಗೆಯಬೇಕಾದ ಅಗತ್ಯವೇ ಹೋಯಿತು. ಅಗತ್ಯ ಹೋದ ಮೇಲೆ ಸೀಸವೂ ಬೇಡವಾಯಿತು. ವಿಷವನ್ನು ಬಿಟ್ಟರೆ ಅಳತೆ ಸಾಧ್ಯವಿಲ್ಲ ಎಂಬ ವಾದ ಸಕ್ಕರೆಯ ಪ್ರಯೋಗಾಲಯದಲ್ಲಿಯೇ ಸುಳ್ಳಾಗಿದೆ. ಕಬ್ಬಿನ ರಸವನ್ನು ಅಳೆಯುವವರು ಕೈಬಿಟ್ಟ ಸೀಸವನ್ನು ಕಬ್ಬಿನ ಗರಿಗೆ ಅಂಟಿಸಹೊರಡುವುದು ಎಂಥ ವಿವೇಕ?

ಈ ಪ್ರಸಂಗ ಇನ್ನೊಂದು ಸತ್ಯವನ್ನೂ ಹೇಳುತ್ತದೆ. ಕೇಂದ್ರ ಸರ್ಕಾರ 2025-26ರ ಹಂಗಾಮಿಗೆ ಕಬ್ಬಿನ ನ್ಯಾಯಸಮ್ಮತ ದರವನ್ನು ಶೇ. 10.25ರ ಸಕ್ಕರೆ ಇಳುವರಿಗೆ ಕ್ವಿಂಟಾಲಿಗೆ 355 ರೂಪಾಯಿ ಎಂದು ನಿಗದಿ ಮಾಡಿತು. ಇಳುವರಿ ಶೇ. 0.1 ಏರಿದರೆ ದರವೂ ಏರುತ್ತದೆ. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರದಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ಹೆದ್ದಾರಿಯಲ್ಲಿ ಕುಳಿತರು. ದರದ ಜಗಳದ ಬುಡದಲ್ಲಿ ಅಳತೆಯ ಪ್ರಶ್ನೆಯಿದೆ: ಅಳೆಯುವವರು ಯಾರು, ಅಳತೆಯ ಚೀಟಿ ಯಾರ ಕೈಯಲ್ಲಿದೆ? ನಾಳೆ ಹೊಲದ ಬೆಳಕನ್ನೂ ಕಾರ್ಖಾನೆಯ ಅಥವಾ ದೂರದ ಕಂಪನಿಯ ಪರದೆಯ ಮೇಲೆ ಓದುವಂತಾದರೆ, ಬೆಳೆ ಎಷ್ಟು ಬರಲಿದೆ ಎಂಬುದು ಬೆಳೆದವನಿಗಿಂತ ಮೊದಲು ಕೊಳ್ಳುವವನಿಗೆ ತಿಳಿಯುತ್ತದೆ. ಸೀಸ ರೈತನ ಮಣ್ಣಿಗೆ, ಮಾಹಿತಿ ಇನ್ನೊಬ್ಬರ ತಿಜೋರಿಗೆ ಎಂಬ ಹಂಚಿಕೆ ಯಾವ ನ್ಯಾಯಕ್ಕೂ ಸಲ್ಲದು.

ಚದುರಿದ ವಿಷ ಮರಳುವುದಿಲ್ಲ

ಹಾಗಾದರೆ ಟ್ರ್ಯಾಕ್ಟರಿನ ಬ್ಯಾಟರಿಯಲ್ಲಿ ಕಿಲೋಗಟ್ಟಲೆ ಸೀಸವಿಲ್ಲವೇ, ಅದನ್ನೇಕೆ ಹೊರಹಾಕುವುದಿಲ್ಲ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸಮಂಜಸವಾದುದು, ಉತ್ತರವೂ ಸ್ಪಷ್ಟ. ಬ್ಯಾಟರಿಯ ಸೀಸ ಒಂದೆಡೆ ಗುಡ್ಡೆಯಾಗಿರುವ ಸೀಸ. ಅದಕ್ಕೆ ಗುಜರಿಯಲ್ಲಿ ಬೆಲೆಯಿದೆ, ಆದುದರಿಂದ ಹಳೆಯದನ್ನು ಯಾರೂ ಹೊಲದಲ್ಲಿ ಬಿಸಾಡುವುದಿಲ್ಲ. ಅದರ ಮರುಬಳಕೆಯಲ್ಲಿ ಅನಾಹುತಗಳಿವೆ, ಅವುಗಳ ವಿರುದ್ಧ ಬೇರೆ ಹೋರಾಟ ಬೇಕು. ಆದರೆ ವಸ್ತುವನ್ನು ಹಿಡಿದು ತರಲು ಸಾಧ್ಯವಿದೆ. ಎಲೆಯ ಚೀಟಿಯ ಸೀಸ ಚದುರಿದ ಸೀಸ. ಅದಕ್ಕೆ ಗುಜರಿಯ ಬೆಲೆಯಿಲ್ಲ, ಹಿಡಿಯಲು ಹಿಡಿಕೆಯಿಲ್ಲ. ವಿಷದ ಪ್ರಮಾಣವನ್ನಷ್ಟೇ ನೋಡುವವರು ಈ ಭೇದವನ್ನು ಕಾಣುವುದಿಲ್ಲ. ಗುಡ್ಡೆಯಾದ ವಿಷವನ್ನು ಕಾಯಬಹುದು. ಚದುರಿದ ವಿಷವನ್ನು ಕಾಯಲು ಊರಿಗೊಬ್ಬ ಕಾವಲುಗಾರನೂ ಸಾಲದು.

ಚದುರಿದ ಸೀಸದ ಕಥೆಯನ್ನು ಜಗತ್ತು ಒಮ್ಮೆ ಅನುಭವಿಸಿದೆ. 1921ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಪೆಟ್ರೋಲಿಗೆ ಟೆಟ್ರಾಈಥೈಲ್ ಲೆಡ್ ಬೆರೆಸಿದರೆ ಎಂಜಿನ್ನಿನ ಬಡಿತ ನಿಲ್ಲುತ್ತದೆಂದು ಕಂಡುಹಿಡಿದ. ಅದೂ ಸೀಸ ಮತ್ತು ಸಾವಯವ ಅಣುಗಳ ಸಂಕರವೇ. ಲೀಟರಿಗೆ ಒಂದಿಷ್ಟು, ಅತ್ಯಲ್ಪವೇ. ಆದರೆ ಪ್ರತಿ ವಾಹನದ ಹೊಗೆಯಲ್ಲಿ ಚದುರಿತು, ಪ್ರತಿ ಬೀದಿಯ ಧೂಳಿನಲ್ಲಿ ಕುಳಿತಿತು. 1999ರಲ್ಲಿ ಬೆಂಗಳೂರಿನ ಜಾರ್ಜ್ ಪ್ರತಿಷ್ಠಾನ ದೇಶದ ಮಹಾನಗರಗಳ ಮಕ್ಕಳ ರಕ್ತ ಪರೀಕ್ಷಿಸಿ, 12 ವರ್ಷದೊಳಗಿನ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೀಸ ಅಂದಿನ ಅಪಾಯದ ಮಟ್ಟವನ್ನು ಮೀರಿದೆಯೆಂದು ತಿಳಿಸಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನಶಾಸ್ತ್ರಜ್ಞ ಡಾ. ತುಪ್ಪಿಲ್ ವೆಂಕಟೇಶ್ ಈ ಕಾರ್ಯದಲ್ಲಿ ಮುಂಚೂಣಿಯಲ್ಲಿದ್ದರು. 2000ದಲ್ಲಿ ಭಾರತ ಸೀಸದ ಪೆಟ್ರೋಲನ್ನು ನಿಲ್ಲಿಸಿತು. ಜಗತ್ತಿನ ಕೊನೆಯ ಬಂಕಿನಲ್ಲಿ ಅದು ನಿಂತದ್ದು 2021ರಲ್ಲಿ. ಕಂಡುಹಿಡಿದ ನೂರು ವರ್ಷಗಳ ನಂತರ! ಮನೆಯ ಬಣ್ಣದಲ್ಲಿ ಸೀಸ ದಶಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಈ ದೇಶದಲ್ಲಿ ಜಾರಿಗೆ ಬಂದದ್ದು 2017ರಲ್ಲಿ. ಸೀಸ ಸುಲಭವಾಗಿ ಒಳಬರುತ್ತದೆ. ಹೊರಹೋಗಲು ಶತಮಾನ ಬೇಡುತ್ತದೆ.

ಗುಡ್ಡಗಾಡಿನವರಿಗೆ ಇದಕ್ಕಿಂತ ಹತ್ತಿರದ ಪಾಠವಿದೆ. ಕಾಸರಗೋಡಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಪಡ್ರೆ, ಎಣ್ಮಕಜೆಯ ಮನೆಗಳಲ್ಲಿ ಮಕ್ಕಳ ನರಳಾಟ ಕಣ್ಣೆದುರಿಗಿದ್ದರೂ ಸಾಬೀತು ಮಾಡುವ ಹೊಣೆ ನರಳುವವರ ಮೇಲೆಯೇ ಬಿತ್ತು. ಸರ್ವೋಚ್ಚ ನ್ಯಾಯಾಲಯ ದೇಶಾದ್ಯಂತ ಅದನ್ನು ತಡೆದದ್ದು 2011ರ ಮೇ ತಿಂಗಳಿನಲ್ಲಿ. ಎಂಡೋಸಲ್ಫಾನ್ ಬೇರೆ, ಬೆಳಕಿನ ಚೀಟಿ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ಆದರೆ ಕ್ರಮ ಒಂದೇ: ಮೊದಲು ಹರಡುವುದು, ಆಮೇಲೆ ಪರೀಕ್ಷಿಸುವುದು, ಪರೀಕ್ಷೆಯ ಖರ್ಚನ್ನು ಬಡವನ ಶರೀರದಿಂದ ವಸೂಲು ಮಾಡುವುದು. ಮುರಿಯಬೇಕಾದುದು ಆ ಕ್ರಮವನ್ನು.

ಗುಡ್ಡದ ನೀರು, ಬಯಲಿನ ಬಾಯಿ

ಇದು ಬಯಲಿನ ಕಬ್ಬಿನವರ ಕಥೆ ಎಂದು ಮಲೆನಾಡಿನ ಓದುಗರು ಪುಟ ಮಗುಚಬಾರದು. ಹಿರಣ್ಯಕೇಶಿ ಹುಟ್ಟುವುದು ಸಹ್ಯಾದ್ರಿಯ ಆಂಬೋಲಿಯಲ್ಲಿ. ಸಂಕೇಶ್ವರದ ಬದಿಯಲ್ಲಿ ಹರಿದು ಘಟಪ್ರಭೆಯನ್ನು ಸೇರುತ್ತದೆ. ಘಟಪ್ರಭೆಯೂ ಸಹ್ಯಾದ್ರಿಯ ಮಗಳೇ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ಆಕೆಗೆ ಕಟ್ಟಿದ 51 ಟಿಎಂಸಿ ಸಾಮರ್ಥ್ಯದ ಜಲಾಶಯ ಹೊಲಗಳಿಗೂ ನೀರುಣಿಸುತ್ತದೆ, ಬೆಳಗಾವಿ ನಗರದ ಬಾಯಾರಿಕೆಯನ್ನೂ ನೀಗುತ್ತದೆ. ಗುಡ್ಡದ ಮೇಲೆ ತೊಳೆದುಹೋದದ್ದು ಬಯಲಿನವರ ಕೊಡಕ್ಕೆ ಬರುತ್ತದೆ.

ಮಣ್ಣಿನ ಗುಣ ನೋಡಿದರೆ ಅಪಾಯ ಬಯಲಿಗಿಂತ ಗುಡ್ಡದಲ್ಲಿಯೇ ಹೆಚ್ಚು. ಸುಣ್ಣದ ಅಂಶವುಳ್ಳ ಕ್ಷಾರೀಯ ಕಪ್ಪುಮಣ್ಣು ಸೀಸವನ್ನು ಸ್ವಲ್ಪಮಟ್ಟಿಗೆ ಕಟ್ಟಿಹಾಕುತ್ತದೆ. ಮಲೆನಾಡಿನ ಜಂಬಿಟ್ಟಿಗೆ ಮಣ್ಣು ಹುಳಿ. ಹುಳಿ ಮಣ್ಣಿನಲ್ಲಿ ಸೀಸ ಹೆಚ್ಚು ಸಡಿಲವಾಗಿ ನೀರಿನೊಡನೆ ಚಲಿಸುತ್ತದೆ. ಅದರ ಮೇಲೆ ಆಗುಂಬೆ, ಆಂಬೋಲಿಗಳ ಮಳೆ. ಪದರು ವಸ್ತುಗಳು ತೇವವನ್ನು ಹಳೆಯ ಮಾದರಿಗಳಿಗಿಂತ ಚೆನ್ನಾಗಿ ತಡೆಯುತ್ತವೆ ಎಂಬುದು ದಿಟ. ಅವುಗಳನ್ನು ರೂಪಿಸಿದ ಮುಖ್ಯ ಕಾರಣಗಳಲ್ಲಿ ಅದೂ ಒಂದು. ಆದರೆ ಪ್ರಯೋಗಾಲಯದ ಪೆಟ್ಟಿಗೆಯೊಳಗಿನ ತೇವ ಬೇರೆ, ಜೂನ್‌ನಿಂದ ಸೆಪ್ಟೆಂಬರಿನವರೆಗೆ ಅಡಿಕೆಯ ಸೋಗೆಯಿಂದ ಎಡೆಬಿಡದೆ ತೊಟ್ಟಿಕ್ಕುವ ನೀರು ಬೇರೆ. ಅಡಿಕೆ, ಮೆಣಸು, ಕಾಫಿ ತೋಟಗಳಲ್ಲಿ ನೆರಳಿನ ಲೆಕ್ಕ ಕಬ್ಬಿಗಿಂತಲೂ ಸೂಕ್ಷ್ಮವಾದುದು. ಬೆಳಕಿನ ಚೀಟಿ ಮಾರಾಟಕ್ಕೆ ಬಂದರೆ ಆ ತೋಟಗಳ ಬಾಗಿಲನ್ನೂ ತಟ್ಟದೆ ಬಿಡದು.

ಸೀಸವಿಲ್ಲದ ದಾರಿ

ಬೆಳಕನ್ನು ಅಳೆಯಲು ಸೀಸವೇ ಬೇಕೇ? ಬೇಡ. ಸಿಲಿಕಾನ್ ಬೆಳಕುಸಂವೇದಿ ದಶಕಗಳಿಂದ ಇದೆ. ಅಗ್ಗ, ಗಟ್ಟಿ, ಹಲವು ವರ್ಷ ಬಾಳುತ್ತದೆ. ಎಲೆಗಳು ಆಹಾರ ತಯಾರಿಸಲು ಬಳಸುವ 400ರಿಂದ 700 ನ್ಯಾನೋಮೀಟರ್ ಬೆಳಕನ್ನಷ್ಟೇ ಅಳೆಯಲು ಅದರ ಮುಂದೆ ಸೂಕ್ತ ಶೋಧಕವಿಟ್ಟರೆ ಸಾಕು. ಅದು ಬಾಗುವುದಿಲ್ಲ ನಿಜ. ಆದರೆ ಕಬ್ಬಿನ ಹೊಲಕ್ಕೆ ಬೇಕಾದುದು ಪ್ರತಿ ಎಲೆಯ ಬೆಳಕಲ್ಲ. ಸಾಲಿನ ಮೇಲೆ ಎಷ್ಟು ಬೆಳಕು ಬಿತ್ತು, ಬುಡಕ್ಕೆ ಎಷ್ಟು ಇಳಿಯಿತು ಎಂಬ ವ್ಯತ್ಯಾಸ. ಅದಕ್ಕೆ ಕೋಲಿನ ಮೇಲಿಟ್ಟ ಕೆಲವು ಸಂವೇದಿಗಳು ಸಾಕು. ಕಟಾವಿಗೆ ಮೊದಲು ಕಿತ್ತು ಮನೆಯ ಮಾಡಿಗೆ ಸಿಕ್ಕಿಸಿ ಮುಂದಿನ ಹಂಗಾಮಿಗೆ ಮತ್ತೆ ನೆಡಬಹುದು. ಬಾಗುವುದು ಗುಣವೇ ಸರಿ; ಆದರೆ ಹೊಲ ಕೇಳದ ಗುಣಕ್ಕೆ ಹೊಲವೇಕೆ ಬೆಲೆ ತೆರಬೇಕು?

ಸೀಸದ ಬದಲು ತವರ ಹಾಕಿದರಾಯಿತು ಎಂಬ ಸುಲಭ ಸಮಾಧಾನವೂ ಬೇಡ. 2016ರಲ್ಲಿ ಜೀಬ್ರಾ ಮೀನಿನ ಮರಿಗಳ ಮೇಲೆ ನಡೆಸಿದ ಪರೀಕ್ಷೆಯಲ್ಲಿ ತವರದ ಅಯೋಡೈಡ್ ನೀರನ್ನು ಹುಳಿಯಾಗಿಸಿ ಸೀಸದ್ದಕ್ಕಿಂತಲೂ ಹೆಚ್ಚು ಮಾರಕವಾಯಿತು. ಸೀಸವಿಲ್ಲ ಎಂಬ ಮುದ್ರೆ ಸುರಕ್ಷಿತ ಎಂಬ ಮುದ್ರೆಯಲ್ಲ. ಇನ್ನೊಂದೆಡೆ, ಸಾಧನ ಒಡೆದರೂ ಸೀಸ ಸೋರದಂತೆ ಹೀರಿ ಹಿಡಿಯುವ ಪದರನ್ನು ಸೌರಕೋಶದ ಎರಡೂ ಬದಿಗೆ ಬಳಿದು, ಸೋರಿಕೆಯ ಶೇ. 96ಕ್ಕೂ ಹೆಚ್ಚು ಪಾಲನ್ನು ತಡೆದುದನ್ನು 2020ರಲ್ಲಿ 'ನೇಚರ್' ಪತ್ರಿಕೆ ವರದಿ ಮಾಡಿತು. ಅಂದರೆ ಮನಸ್ಸು ಮಾಡಿದರೆ ಹೊಣೆಯರಿತ ವಿನ್ಯಾಸ ಸಾಧ್ಯ. ಆ ಮನಸ್ಸನ್ನು ತರಿಸುವುದು ಬಳಸುವವರ ಒತ್ತಾಯವೇ ಹೊರತು ತಯಾರಿಸುವವರ ಔದಾರ್ಯವಲ್ಲ.

ಕೇಳಲೇಬೇಕಾದ ನಾಲ್ಕು ಮಾತು

ಒಂದು: ಸೀಸವುಳ್ಳ ಯಾವುದೇ ಬೆಳಕುಸಂವೇದಿಯನ್ನು ಎಲೆಗೆ ಅಂಟಿಸುವ, ಮಣ್ಣಿಗೆ ಸೇರಿಸುವ, ಬಳಸಿ ಬಿಸಾಡುವ ರೂಪದಲ್ಲಿ ಕೃಷಿಗೆ ತರಬಾರದು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ತಾವು ಪಟ್ಟಿ ಮಾಡಿದ ಸಲಕರಣೆಗಳ ಪ್ರತಿ ಏಕರೂಪ ವಸ್ತುವಿನಲ್ಲಿ ಸೀಸ ಶೇ. 0.1 ಮೀರಬಾರದೆನ್ನುತ್ತವೆ. ಈ ಲೇಪ ಆ ಗೆರೆಯನ್ನು ಇನ್ನೂರು ಪಟ್ಟಿಗೂ ಮೀರಿ ದಾಟುತ್ತದೆ. ಲೇಪದ ಸೀಸವನ್ನು ಪ್ಲಾಸ್ಟಿಕ್ ಹಾಳೆಯ ತೂಕದಲ್ಲಿ ಹಂಚಿ ಅಲ್ಪವೆಂದು ತೋರಿಸುವ ಕೈಚಳಕಕ್ಕೆ ಎಡೆಯಿಲ್ಲದಂತೆ, ಕೃಷಿ ಸಂವೇದಿಗಳ ಹೆಸರನ್ನು ಹೇಳಿಯೇ ನಿಯಮ ಬರೆಯಬೇಕು.

ಎರಡು: ರೈತನ ಹೊಲ ಪ್ರಯೋಗಾಲಯವಲ್ಲ. ಸಂಕೇಶ್ವರದಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಸಂಶೋಧನಾ ಕೇಂದ್ರವಿದೆ. ಎಸ್‌ಎನ್‌ಕೆ ಎಂದು ಆರಂಭವಾಗುವ ಕಬ್ಬಿನ ತಳಿಗಳ ತವರು ಅದು. ಇಂಥ ಕೇಂದ್ರದ ತಾಕುಗಳಲ್ಲಿ, ಕಪ್ಪುಮಣ್ಣಿನಲ್ಲಿಯೂ ಕೆಂಪುಮಣ್ಣಿನಲ್ಲಿಯೂ, ಒಂದು ನಾಟಿ ಬೆಳೆ ಮತ್ತು ಒಂದು ಕುಳೆ ಬೆಳೆ ಮುಗಿಯುವವರೆಗೆ ಚೀಟಿಗಳನ್ನು ಇಟ್ಟು, ರಸ, ಬೆಲ್ಲ, ಸೋಗೆ ಮತ್ತು ಸುಟ್ಟ ರವದಿಯ ಬೂದಿಯಲ್ಲಿ ಸೀಸವನ್ನು ಅಳೆಯಬೇಕು. ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸಬೇಕು.

ಮೂರು: ಮಾರಿದವರೇ ಮರಳಿ ಪಡೆಯಬೇಕು. ಎಣಿಸಿ ಕೊಟ್ಟದ್ದನ್ನು ಎಣಿಸಿ ಹಿಂಪಡೆಯಬೇಕು. ಹಿಂದಿರುಗದ ಪ್ರತಿ ಚೀಟಿಗೂ ದಂಡವನ್ನು ತಯಾರಕ ತೆರಬೇಕು. ಹಾಗೆ ಹಿಂಪಡೆಯಲಾಗದ ಸಾಧನವನ್ನು ಮಾರುವ ಅಧಿಕಾರ ಯಾರಿಗೂ ಇರಬಾರದು.

ನಾಲ್ಕು: ಹೊಲದ ಬೆಳಕಿನ ಅಂಕಿ ಹೊಲದವರದು. ಇದು ಹುಕ್ಕೇರಿ ಸೀಮೆಗೆ ಹೊಸ ಪಾಠವೇನಲ್ಲ. ದೇಶದಲ್ಲಿ ಗ್ರಾಮೀಣ ವಿದ್ಯುತ್ ವಿತರಣೆಯನ್ನು ಜನರ ಸಹಕಾರ ಸಂಘಗಳ ಕೈಗೆ ಕೊಟ್ಟು ನೋಡಲು ಮೊದಲಿಗೆ ಆರಿಸಿಕೊಂಡ ಐದು ಸ್ಥಳಗಳಲ್ಲಿ ಹುಕ್ಕೇರಿಯೂ ಒಂದು. 1969ರಲ್ಲಿ ಆ ಸಂಘ ಹುಟ್ಟಿತು. ವಿದ್ಯುತ್ತಿನ ತಂತಿಯನ್ನು ಸಹಕಾರದಿಂದ ನಡೆಸಲು ಹೊರಟ ನೆಲಕ್ಕೆ ಬೆಳಕಿನ ಅಂಕಿಯನ್ನು ಸಹಕಾರದಿಂದ ಕಾಯ್ದುಕೊಳ್ಳುವುದು ಅಸಾಧ್ಯವಲ್ಲ.

ಈ ನಾಲ್ಕೂ ಮಾತುಗಳನ್ನು ಗ್ರಾಮಸಭೆಯಲ್ಲಿ ಠರಾವಾಗಿಸಿ ಕೃಷಿ ಇಲಾಖೆಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಕಳುಹಿಸಲು ಖರ್ಚಾಗುವುದು ಒಂದು ಹಾಳೆ, ಒಂದು ಅಂಚೆಚೀಟಿ. ವಿಜ್ಞಾನ ಓದುವ ವಿದ್ಯಾರ್ಥಿಗಳಿಗೆ ಇನ್ನೊಂದು ಕೆಲಸವಿದೆ: ಹೊಸ ವಸ್ತುವೊಂದರ ಕುರಿತ ಉಪನ್ಯಾಸ ಮುಗಿದೊಡನೆ ಕೈ ಎತ್ತಿ, ಬಳಸಿ ಮುಗಿದ ಮೇಲೆ ಇದು ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದು. ಆ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ವಸ್ತು ಇನ್ನೂ ಸಿದ್ಧವಾಗಿಲ್ಲವೆಂದೇ ಅರ್ಥ.

ಗರಿಯ ಮೇಲೆ ಬೀಳುವ ಬೆಳಕಿಗೆ ಇದುವರೆಗೆ ಯಾರೂ ಬಾಡಿಗೆ ಕೇಳಿಲ್ಲ, ವಿಷ ಬೆರೆಸಿಲ್ಲ. ಅದನ್ನು ಅಳೆಯುವ ನೆಪದಲ್ಲಿ ಎರಡಕ್ಕೂ ಅವಕಾಶವಾಗಬಾರದು. ಬೆಲ್ಲದ ಬಾಗೇವಾಡಿಯ ಹೆಸರಿನಲ್ಲಿ ಬೆಲ್ಲ ಉಳಿಯಲಿ. ಆ ಬೆಲ್ಲದಲ್ಲಿ ಬಿಸಿಲೊಂದೇ ಉಳಿಯಲಿ.